ಬೇಕಾದರೆ ಮಾಡು, ಬೇಡವಾದರೆ ಬಿಡು

ವಿಡಿಯೋ ಗೇಮ್ ಎಂದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಎಷ್ಟು ಹೊತ್ತು ಆಡಿದ? ಒಂದು ತಾಸೋ ಎರಡು ತಾಸೋ ಎಂಬ ಲೆಕ್ಕದ ಮೇಲೆ ತಾಯಂದಿರ ಸಿಟ್ಟು ಏರುತ್ತದೆ, ಇಳಿಯುತ್ತದೆ. ಏನು ಆಡಿದ, ಆಡುವಾಗ ಅವನ ಮುಖ ಹೇಗಿತ್ತು, ಎದ್ದು ಬಂದ ಮೇಲೆ ಹೇಗಿದ್ದ ಎಂದು ಕೇಳುವವರು ಕಡಿಮೆ. ತಾಸಿನ ಲೆಕ್ಕ ಬೇಕು, ನಿಜ. ಆದರೆ ಅದೊಂದನ್ನೇ ಹಿಡಿದು ಕೂತರೆ ಮಕ್ಕಳಿಗೆ ಸಂತೋಷ ಕೊಡುವ ಆಟ ಯಾವುದು, ಅವರನ್ನು ಜೀತಕ್ಕಿಟ್ಟುಕೊಳ್ಳುವ ಆಟ ಯಾವುದು ಎಂಬುದು ನಮಗೆ ತಿಳಿಯುವುದೇ ಇಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಕ್ಕನ ಇಬ್ಬರು ಗಂಡುಮಕ್ಕಳು ದಿಗ್ಗೇವಾಡಿಯ ನಮ್ಮ ಮನೆಗೆ ಬಂದಿದ್ದರು. ದೊಡ್ಡವನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಸಣ್ಣವನು ಆಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದ. ಮಕ್ಕಳನ್ನು ಬಿಟ್ಟು ಹೊರಡುವಾಗ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, "ಇಬ್ಬರಿಗೂ ಗೇಮಿನ ಹುಚ್ಚು ಹಿಡದೈತಿ. ನೀ ಸಾಲಿ ಕಲಿಸಾಕಿ, ಏನರ ಮಾಡಿ ಬಿಡಸು. ಇಲ್ಲಂದ್ರ ಬಂದ ಮ್ಯಾಲ ಲ್ಯಾಪ್‌ಟಾಪು, ಮೊಬೈಲು ಎರಡೂ ಕಸಗೊಂಡು ಕಪಾಟಿನ್ಯಾಗ ಇಟ್ಟು ಕೀಲಿ ಹಾಕತೀನಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಸಣ್ಣ ಮಗನೊಂದಿಗೆ ಜಗಳವಿಲ್ಲದ ದಿನವೇ ಇರಲಿಲ್ಲವಂತೆ.

ನಾನು ಮೊದಲ ವಾರ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದೆ. ದೊಡ್ಡವನು ಲ್ಯಾಪ್‌ಟಾಪಿನಲ್ಲಿ ಆಡುವಾಗ ನಗುತ್ತಿದ್ದ, ಅಲ್ಲಲ್ಲಿ ನಿಲ್ಲುತ್ತಿದ್ದ, "ಖಾಲಾ, ಇಲ್ನೋಡ್ರಿ" ಎಂದು ಕರೆದು ತೋರಿಸುತ್ತಿದ್ದ, ಊಟಕ್ಕೆ ಕರೆದರೆ ನಿಲ್ಲಿಸಿ ಬರುತ್ತಿದ್ದ. ಸಣ್ಣವನು ಮೊಬೈಲಿನಲ್ಲಿ ಆಡುವಾಗ ಗಡಿಯಾರ ನೋಡುತ್ತಿದ್ದ. ಗೆದ್ದರೂ ಮುಖ ಅರಳುತ್ತಿರಲಿಲ್ಲ. ಇಬ್ಬರೂ ಆಡುವ ಹೊತ್ತು ಹೆಚ್ಚುಕಡಿಮೆ ಒಂದೇ ಇತ್ತು. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಇಬ್ಬರ ಉತ್ತರವೂ ಒಂದೇ: "ಸೈಡ್ ಮಿಷನ್, ಖಾಲಾ."

ಈ ಸೈಡ್ ಮಿಷನ್ ಎಂದರೇನು? ದೊಡ್ಡವನು ವಿವರಿಸಿದ. ಇಂದಿನ ದೊಡ್ಡ ಆಟಗಳಲ್ಲಿ ಒಂದು ಮುಖ್ಯ ಕಥೆ ಇರುತ್ತದೆ. ಅದನ್ನು ಮುಗಿಸಿದರೆ ಆಟ ಮುಗಿದಂತೆ. ಅದರ ಅಕ್ಕಪಕ್ಕದಲ್ಲಿ ಸಣ್ಣಸಣ್ಣ ಕೆಲಸಗಳು, ಉಪಕಥೆಗಳು, ಅಡಗಿಸಿಟ್ಟ ವಸ್ತುಗಳು ಇರುತ್ತವೆ. ಅವನ್ನು ಮಾಡಲೇಬೇಕೆಂದಿಲ್ಲ. ಬೇಕಾದರೆ ಮಾಡು, ಬೇಡವಾದರೆ ಬಿಡು. ನಮ್ಮ ತಾಟಿನಲ್ಲಿ ರೊಟ್ಟಿ ಪಲ್ಯದ ಬದಿಗೆ ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಇದ್ದಂತೆ. ಅವಿಲ್ಲದೆಯೂ ಹೊಟ್ಟೆ ತುಂಬುತ್ತದೆ. ಆದರೆ ಊಟದ ರುಚಿ ಎಷ್ಟೋ ಸಲ ಇರುವುದು ಆ ಬದಿಯಲ್ಲಿಯೇ.

ಹಾಗಾದರೆ ಒಂದೇ ಹೆಸರಿನ ಈ ಬದಿಯ ಕೆಲಸ ಒಬ್ಬನಿಗೆ ನಗು, ಇನ್ನೊಬ್ಬನಿಗೆ ಸಂಕಟ ತಂದದ್ದೇಕೆ?

ಯೋಚಿಸುವಾಗ ನನ್ನ ಓದಿನ ದಿನಗಳು ನೆನಪಾದವು. ಮದ್ರಸದ ಶಿಕ್ಷಣ ಮುಗಿಸಿದ ಬಳಿಕ ಮನೆಯಲ್ಲಿದ್ದುಕೊಂಡೇ ಬಿ.ಎ. ಮಾಡಿದವಳು ನಾನು. ಆಗ ನಮಗೆ ಐಚ್ಛಿಕ ಕನ್ನಡ, ಐಚ್ಛಿಕ ಇತಿಹಾಸ ಎಂಬ ವಿಷಯಗಳಿದ್ದವು. ಹೆಸರು ಮಾತ್ರ ಐಚ್ಛಿಕ. ಒಮ್ಮೆ ಆರಿಸಿಕೊಂಡರೆ ಪರೀಕ್ಷೆ ಕಡ್ಡಾಯ, ಪಾಸಾಗುವುದು ಕಡ್ಡಾಯ. ಅದೇ ವರ್ಷಗಳಲ್ಲಿ ಪರೀಕ್ಷೆಗೆ ಸಂಬಂಧವೇ ಇಲ್ಲದ ಪುಸ್ತಕಗಳನ್ನು ಅವರಿವರಿಂದ ತಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಓದುತ್ತಿದ್ದೆ. ಇಂದು ನನ್ನ ನೆನಪಿನಲ್ಲಿ ಉಳಿದಿರುವುದು ಆ ಪುಸ್ತಕಗಳು. ಐಚ್ಛಿಕ ಎಂಬ ಹಣೆಪಟ್ಟಿ ಅಂಟಿಸಿದ ಮಾತ್ರಕ್ಕೆ ಯಾವುದೂ ಐಚ್ಛಿಕವಾಗುವುದಿಲ್ಲ. ಬಿಟ್ಟುಬಿಡುವ ಸ್ವಾತಂತ್ರ್ಯ ನಿಜಕ್ಕೂ ಇರಬೇಕು.

ಆಟಗಳ ಚರಿತ್ರೆಯನ್ನು ನೋಡಿದರೂ ಇದೇ ಕಾಣುತ್ತದೆ. ಅಮೆರಿಕದ ಅಟಾರಿ ಕಂಪೆನಿ 1980ರ ಹೊತ್ತಿಗೆ 'ಅಡ್ವೆಂಚರ್' ಎಂಬ ಆಟವನ್ನು ಮಾರುಕಟ್ಟೆಗೆ ತಂದಿತು. ಆಟ ರಚಿಸಿದವರ ಹೆಸರನ್ನು ಹಾಕುವ ಪದ್ಧತಿ ಆಗ ಆ ಕಂಪೆನಿಯಲ್ಲಿರಲಿಲ್ಲ. ಇದನ್ನು ಒಬ್ಬನೇ ಕುಳಿತು ರಚಿಸಿದ ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರು ಬರೆದಿಟ್ಟ. ಅಲ್ಲಿಗೆ ಹೋಗಬೇಕಾದರೆ ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋದ ಒಂದು ಬೂದು ಚುಕ್ಕೆಯನ್ನು ಹುಡುಕಿ ಹೊತ್ತು ತರಬೇಕು. ಆಟ ಗೆಲ್ಲಲು ಅದರಿಂದ ಏನೂ ಪ್ರಯೋಜನವಿಲ್ಲ. ಆದರೂ ಒಬ್ಬ ಹುಡುಗ ಅದನ್ನು ಕಂಡುಹಿಡಿದು ಕಂಪೆನಿಗೆ ಪತ್ರ ಬರೆದ. ಆ ಹುಡುಗನ ಆನಂದವನ್ನು ಊಹಿಸಿಕೊಳ್ಳಿ. ಯಾರೂ ಹುಡುಕು ಎಂದಿರಲಿಲ್ಲ, ಯಾರೂ ಬಹುಮಾನ ಇಟ್ಟಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆಯೂ ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮ್ ಬಂತು. 1985ರಲ್ಲಿ ಜಪಾನಿನಲ್ಲಿ ತಯಾರಾದ 'ಸೂಪರ್ ಮಾರಿಯೊ ಬ್ರದರ್ಸ್' ಆಟ ಅದರಲ್ಲಿರುತ್ತಿತ್ತು. ಓಡುವುದು, ಜಿಗಿಯುವುದು ಅಷ್ಟೇ ಅದರ ಕೆಲಸ. ಒಂದು ದಿನ ನನ್ನ ತಮ್ಮ "ಆಪಾ, ಪೈಪಿನ ಒಳಗ ಇಳೀಲಿಕ್ಕೆ ಬರ್ತೈತಿ!" ಎಂದು ಕೂಗಿಕೊಂಡ. ಮೊದಲ ಹಂತದಲ್ಲೇ ಒಂದು ಹಸಿರು ಕೊಳವೆಯ ಮೇಲೆ ನಿಂತು ಕೆಳಗಿನ ಗುಂಡಿ ಒತ್ತಿದರೆ ನೆಲದಡಿಯ ನಾಣ್ಯಗಳ ಕೋಣೆಗೆ ಹೋಗಬಹುದಿತ್ತು. ಓಣಿಯ ಮಕ್ಕಳೆಲ್ಲ ನೋಡಲು ಬಂದರು. ಆಟ ಗೆದ್ದ ದಿನ ಅಷ್ಟು ಗದ್ದಲವಾದ ನೆನಪು ನನಗಿಲ್ಲ.

ಮುಂದೆ ಲೆಕ್ಕ ಹಾಕುವ ಕಾಲ ಬಂತು. 2005ರಲ್ಲಿ ಬಂದ 'ಎಕ್ಸ್‌ಬಾಕ್ಸ್ 360' ಯಂತ್ರ ಪ್ರತಿ ಆಟದಲ್ಲೂ ಸಾಧನೆಗಳಿಗೆ ಅಂಕ ಕೊಡತೊಡಗಿತು. ಇಂತಿಷ್ಟು ವಸ್ತು ಹುಡುಕಿದರೆ ಇಂತಿಷ್ಟು ಅಂಕ. ಆ ಅಂಕ ಸ್ನೇಹಿತರಿಗೂ ಕಾಣುತ್ತದೆ. 2007ರಲ್ಲಿ ಬಂದ 'ಅಸ್ಯಾಸಿನ್ಸ್ ಕ್ರೀಡ್' ಆಟದ ಕಥೆ ಶಿಲುಬೆ ಯುದ್ಧಗಳ ಕಾಲದ್ದು. ದಮಸ್ಕಸ್, ಜೆರುಸಲೇಮ್, ಅಕ್ಕಾ ನಗರಗಳನ್ನು 1191ರಲ್ಲಿ ಇದ್ದಂತೆ ಕಣ್ಣಿಗೆ ಕಟ್ಟುವ ಹಾಗೆ ಚಿತ್ರಿಸಿದ್ದರು. ಆ ನಗರಗಳ ಮಾಳಿಗೆಗಳ ಮೇಲೆ, ದಾರಿಗಳಲ್ಲಿ ಒಟ್ಟು 420 ಬಾವುಟಗಳನ್ನು ಇಟ್ಟರು. ಎಲ್ಲವನ್ನೂ ಕೂಡಿಸಿದರೆ ಕಥೆಯಲ್ಲಿ ಏನೂ ಆಗುವುದಿಲ್ಲ, ಅಂಕ ಸಿಗುತ್ತದೆ. ದೊಡ್ಡವನು ಹೇಳಿದ: "ಮೊದಲು ದಮಸ್ಕಸ್ ಊರು ನೋಡಕೋತ ತಿರಗತಿದ್ದೆ ಖಾಲಾ. ಬಾವುಟ ಹುಡಕಾಕ ಶುರು ಮಾಡಿದ ಮ್ಯಾಲ ಊರು ಕಾಣಲೇ ಇಲ್ಲ. ಬರೀ ಬಾವುಟ." ಅರ್ಧಕ್ಕೆ ಬಿಟ್ಟುಬಿಟ್ಟನಂತೆ.

ಶಿಕ್ಷಕಿಯರಿಗೆ ಇದು ಹೊಸದೇನಲ್ಲ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಒಂದು ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಚಿತ್ರ ಬಿಡಿಸಿದರೆ ಬಂಗಾರದ ಮುದ್ರೆಯ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬಿಡಿಸಿದ ಬಳಿಕ ಕೊಟ್ಟರು. ಮೂರನೆಯದಕ್ಕೆ ಕೊಡಲೇ ಇಲ್ಲ. ಕೆಲವು ದಿನಗಳ ನಂತರ ಆ ಪೆನ್ನುಗಳನ್ನು ತರಗತಿಯಲ್ಲಿ ಸುಮ್ಮನೆ ಇಟ್ಟು, ಯಾರು ಎಷ್ಟು ಹೊತ್ತು ಚಿತ್ರ ಬಿಡಿಸುತ್ತಾರೆಂದು ಗಮನಿಸಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಉತ್ಸಾಹ ಕುಂದಿರಲಿಲ್ಲ. ಇಷ್ಟದ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಅದು ಕೂಲಿಯ ಕೆಲಸವಾಗುತ್ತದೆ.

ಹಾಗೆಂದು ಎಣಿಕೆಯೇ ಕೆಟ್ಟದ್ದೆಂದು ಹೇಳಲಾಗದು. ಅದೇ ಆಟದ ಎರಡನೆಯ ಭಾಗ 2009ರಲ್ಲಿ ಬಂತು. ಅದರಲ್ಲಿ 15ನೇ ಶತಮಾನದ ಇಟಲಿಯ ಒಂದು ಕುಟುಂಬದ ಕಥೆಯಿದೆ. ಮನೆಯ ಕಿರಿಯ ಹುಡುಗನಿಗೆ ಹಕ್ಕಿಯ ಗರಿ ಕೂಡಿಸುವ ಹವ್ಯಾಸ. ಸಂಚೊಂದರಲ್ಲಿ ಅವನನ್ನು, ಅವನ ತಂದೆಯನ್ನು, ಅಣ್ಣನನ್ನು ಗಲ್ಲಿಗೇರಿಸುತ್ತಾರೆ. ತಾಯಿ ಮಾತು ನಿಲ್ಲಿಸಿಬಿಡುತ್ತಾಳೆ. ಉಳಿದ ಮಗ ಬೇಕಾದರೆ ಊರೂರು ಅಲೆದು 100 ಗರಿಗಳನ್ನು ಹುಡುಕಿ ತಂದು ತಾಯಿಯ ಕೋಣೆಯ ಪೆಟ್ಟಿಗೆಯಲ್ಲಿ ಹಾಕಬಹುದು. ಅದೂ ಐಚ್ಛಿಕವೇ. ನೂರನೆಯ ಗರಿ ಸೇರಿದಾಗ ತಾಯಿ ಮತ್ತೆ ಮಾತಾಡುತ್ತಾಳೆ. ಬಹುಮಾನವಾಗಿ ಸಿಗುವ ಮೇಲಂಗಿಯನ್ನು ತೊಟ್ಟರೆ ಕಾವಲುಗಾರರ ಕಣ್ಣು ಸದಾ ಅವನ ಮೇಲೆಯೇ! ಅಂದರೆ ಅದರಿಂದ ಲಾಭವೂ ಇಲ್ಲ. ಆದರೂ ದೊಡ್ಡವನು ಬಾವುಟ ಬಿಟ್ಟ, ಗರಿ ಬಿಡಲಿಲ್ಲ. "ಆ ತಾಯಿ ಸುಮ್ನ ಕುಂತಿದ್ಳಲ್ಲ ಖಾಲಾ" ಎಂದ. ಬಾವುಟದ ಕೊನೆಗೆ ಒಂದು ಸಂಖ್ಯೆ ಇತ್ತು, ಗರಿಯ ಕೊನೆಗೆ ಒಬ್ಬ ತಾಯಿ ಇದ್ದಳು.

ಇನ್ನೊಂದು ಉದಾಹರಣೆಯನ್ನು ಅಡುಗೆಮನೆಯ ನಾವು ಮೆಚ್ಚಲೇಬೇಕು. 2015ರ 'ದಿ ವಿಚರ್ 3' ಆಟದ ಆರಂಭದಲ್ಲಿ ಒಬ್ಬ ಮುದುಕಿ ಮುಚ್ಚಿದ ಬಾಗಿಲ ಮುಂದೆ ನಿಂತಿರುತ್ತಾಳೆ. ದೊಡ್ಡ ದೊಡ್ಡ ರಾಕ್ಷಸರನ್ನು ಬೇಟೆಯಾಡುವ ಕಥಾನಾಯಕನಿಗೆ ಅವಳು ಹೇಳುವ ಕೆಲಸವೇನು? ತನ್ನ ಬಾಣಲೆಯನ್ನು ಒಬ್ಬ ಎರವಲು ಒಯ್ದಿದ್ದಾನೆ, ಅದನ್ನು ತಂದುಕೊಡು! ಬಾಗಿಲು ಒಡೆದು ಒಳಹೊಕ್ಕರೆ ಬಾಣಲೆ ಸಿಗುತ್ತದೆ, ಥಳಥಳ ಹೊಳೆಯುತ್ತಿರುತ್ತದೆ. ಎರವಲು ಪಡೆದವನು ಅದರ ಮಸಿಯನ್ನು ಕೆರೆದು ಶಾಯಿ ಮಾಡಿಕೊಂಡಿದ್ದನೆಂದೂ, ಆ ಗುಡಿಸಲಿನಲ್ಲಿ ಒಂದು ಕೊಲೆ ನಡೆದಿದೆಯೆಂದೂ ನಂತರ ತಿಳಿಯುತ್ತದೆ. ಬಿಟ್ಟು ಹೋದರೂ ಆಟಕ್ಕೆ ಕೊರತೆಯಿಲ್ಲ. ಆದರೆ ಆ ಊರಿನಲ್ಲಿ ಬಾಣಲೆಯಿರುವ, ಗೊಣಗುವ, ಬದುಕುವ ಜನರಿದ್ದಾರೆಂದು ನಂಬಿಕೆ ಬರುವುದು ಇಂಥದರಿಂದಲೇ.

ಅದೇ ಆಟದಲ್ಲಿ ಬದಿಯ ಕೆಲಸ ಮುಖ್ಯ ಕಥೆಯನ್ನು ಕೆಡಿಸುವುದನ್ನೂ ನೋಡಬಹುದು. ಕಥಾನಾಯಕ ಹೊರಟಿರುವುದು ಅಪಾಯದಲ್ಲಿರುವ ಸಾಕುಮಗಳನ್ನು ಹುಡುಕಲು. ಆದರೆ ಆಡುವವನು ಬಯಸಿದರೆ ಊರೂರಿನಲ್ಲಿ ಕುಳಿತು ಎಲೆಗಳ ಆಟ ಆಡುತ್ತಾ ತಿಂಗಳು ಕಳೆಯಬಹುದು. ಮಗಳು ಎಲ್ಲಿದ್ದಾಳೋ, ಅಪ್ಪನ ಕೈಯಲ್ಲಿ ಎಲೆ! ನಾನು ಹೀಗೆಂದಾಗ ದೊಡ್ಡವನು ನಕ್ಕು ಒಪ್ಪಿಕೊಂಡ. ಚಟ್ನಿಯಿಂದಲೇ ಹೊಟ್ಟೆ ತುಂಬಿಸಿದರೆ ರೊಟ್ಟಿ ತಾಟಿನಲ್ಲೇ ಉಳಿಯುತ್ತದೆ. (ಇಲ್ಲೊಂದು ಮಾತು: ಈ ಎರಡೂ ಆಟಗಳು ಹೊಡೆದಾಟ, ರಕ್ತಪಾತವಿರುವ ವಯಸ್ಕರ ಆಟಗಳು. ಚಿಕ್ಕ ಮಕ್ಕಳ ಕೈಗೆ ಕೊಡುವಂಥವಲ್ಲ.)

2017ರ 'ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಎಂಬ ಜಪಾನಿ ಆಟದವರು ಇದಕ್ಕೆ ಒಂದು ಜಾಣ ಉಪಾಯ ಕಂಡುಕೊಂಡರು. ಕಲ್ಲಿನಡಿ, ಮರದ ತುದಿಯಲ್ಲಿ, ಬೆಟ್ಟದ ನೆತ್ತಿಯಲ್ಲಿ 900 ಪುಟ್ಟ ವನಜೀವಿಗಳನ್ನು ಅಡಗಿಸಿಟ್ಟರು. ಪ್ರತಿಯೊಂದೂ ಒಂದು ಬೀಜ ಕೊಡುತ್ತದೆ. ಆ ಬೀಜದಿಂದ ಆಯುಧ ಇಡುವ ಚೀಲ ದೊಡ್ಡದಾಗುತ್ತದೆ. ಚೀಲ ಪೂರ್ತಿ ದೊಡ್ಡದಾಗಲು 441 ಬೀಜ ಸಾಕು. ಉಳಿದವು ಯಾವ ದಾರಿಯಲ್ಲಿ ಹೋದವನಿಗೂ ಏನಾದರೊಂದು ಸಿಗಲಿ ಎಂಬಂತೆ ಇವೆ. ಹಟ ಹಿಡಿದು 900 ಕೂಡಿಸಿದವನಿಗೆ ಸಿಗುವುದು ಸಗಣಿಯ ಆಕಾರದ ಒಂದು ಬಂಗಾರದ ಬಣ್ಣದ ಮುದ್ದೆ! ಎಲ್ಲವನ್ನೂ ಎಣಿಸಿ ಮುಗಿಸಬೇಕೆಂಬ ದುರಾಸೆಯನ್ನು ನಗುನಗುತ್ತಲೇ ಗೇಲಿ ಮಾಡಿದ್ದಾರೆ.

ಒಂದು ಸಂಜೆ ದೊಡ್ಡವನು ಬೇರೆಯೇ ಪ್ರಶ್ನೆ ಹಿಡಿದು ಬಂದ. "ಖಾಲಾ, ಬೈತುಲ್ ಹಿಕ್ಮಾ ಅಂದ್ರ ಏನ್ರಿ? ಬನೂ ಮೂಸಾ ಅಂದ್ರ ಯಾರು?" 2023ರಲ್ಲಿ ಬಂದ 'ಅಸ್ಯಾಸಿನ್ಸ್ ಕ್ರೀಡ್ ಮಿರಾಜ್' ಆಟ ನಡೆಯುವುದು ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ. ಅಲ್ಲಿನ ಬೀದಿಗಳಲ್ಲಿ ಅಲ್ಲಲ್ಲಿ ನಿಂತರೆ ಆ ಸ್ಥಳದ ಚರಿತ್ರೆಯನ್ನು ಓದಬಹುದು. ಓದದೆ ಮುಂದೆ ಹೋಗಲೂಬಹುದು. ಇವನು ನಿಂತು ಓದಿದ್ದ. ಆ ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಕುಳಿತು ನಾನು ಹೇಳಿದೆ. ಖಲೀಫ ಮನ್ಸೂರ್ 762ರಲ್ಲಿ ದುಂಡಗಿನ ನಗರವಾಗಿ ಬಗ್ದಾದನ್ನು ಕಟ್ಟಿಸಿದ್ದು, ಗ್ರೀಕ್, ಸಂಸ್ಕೃತ, ಪರ್ಷಿಯನ್ ಗ್ರಂಥಗಳು ಅಲ್ಲಿ ಅರಬಿಗೆ ಬಂದದ್ದು, ಬನೂ ಮೂಸಾ ಎಂಬ ಮೂವರು ಸಹೋದರರು ತಾವೇ ತಾವಾಗಿ ನಡೆಯುವ ಸುಮಾರು ನೂರು ಚಮತ್ಕಾರಿ ಯಂತ್ರಗಳ ಬಗ್ಗೆ 'ಕಿತಾಬುಲ್ ಹಿಯಲ್' ಬರೆದದ್ದು. ಮದ್ರಸದಲ್ಲಿ ಕೇಳಿದ್ದೂ ಬಿ.ಎ.ಗೆ ಓದಿದ್ದೂ ಒಟ್ಟಿಗೆ ಉಪಯೋಗಕ್ಕೆ ಬಂದವು. ಇಂಜಿನಿಯರಿಂಗ್ ಹುಡುಗ ಯಂತ್ರದ ಮಾತು ಬಂದಾಗ ಎದ್ದು ಕುಳಿತ. ಪಾಠವೆಂದು ಕರೆದಿದ್ದರೆ ಬರುತ್ತಿದ್ದನೇ?

ಇಂಥ ಬದಿಯ ಓಣಿಗಳನ್ನು ಕಟ್ಟುವ ಕೈಗಳಲ್ಲಿ ನಮ್ಮ ನಾಡಿನವೂ ಇವೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ 'ಧ್ರುವ ಇಂಟರ್ಯಾಕ್ಟಿವ್' ಸಂಸ್ಥೆ ವಿದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. 'ಫೋರ್ಝಾ' ಎಂಬ ಕಾರು ಓಟದ ಆಟಕ್ಕೂ ಅಲ್ಲಿ ಕೆಲಸ ನಡೆದಿದೆ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪೆನಿ ಕೊಂಡು, ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡಿತು. ಆಟಗಳ ಬೀದಿ, ಗಿಡ, ಗಾಡಿ, ದೀಪದ ಕಂಬಗಳನ್ನು ಹೀಗೆ ಎಲ್ಲೋ ಕುಳಿತ ಕಲಾವಿದರು ದಿನಗಟ್ಟಲೆ ಬಿಡಿಸುತ್ತಾರೆ. ಓಡುತ್ತಾ ಹೋಗುವವನಿಗೆ ಅದು ಕಾಣುವುದಿಲ್ಲ. ಮನಸ್ಸು ಬಂದು ಬದಿಗೆ ಹೊರಳಿದವನಿಗೆ ಕಾಣುತ್ತದೆ.

ಇನ್ನು ಸಣ್ಣವನ ವಿಷಯ. ಅವನ ಮೊಬೈಲಿನಲ್ಲಿದ್ದದ್ದು ಗುಂಡು ಹಾರಿಸುವ ಒಂದು ಆಟ. ಅದರಲ್ಲೂ ಬದಿಯ ಕೆಲಸಗಳಿದ್ದವು. ಆದರೆ ಪ್ರತಿಯೊಂದಕ್ಕೂ ಗಡುವು. ಇಂದಿನ ಕೆಲಸ ಇಂದೇ ಆಗಬೇಕು, ವಾರದ್ದು ವಾರದೊಳಗೆ. ಏಳು ದಿನ ಬಿಡದೆ ಬಂದರೆ ಪೆಟ್ಟಿಗೆ. ಒಂದು ದಿನ ತಪ್ಪಿದರೆ ಮೊದಲಿನಿಂದ ಎಣಿಕೆ. ಋತು ಮುಗಿಯುವುದರೊಳಗೆ ಎಲ್ಲ ಮೆಟ್ಟಿಲು ಹತ್ತಿದರೆ ಒಂದು ಉಡುಪು, ಹತ್ತದಿದ್ದರೆ ಇಲ್ಲ. ದುಡ್ಡು ಕೊಟ್ಟರೆ ಬೇಗ ಹತ್ತಬಹುದು. ಅಕ್ಕನೊಂದಿಗಿನ ಜಗಳದ ಮೂಲ ಅದೇ ದುಡ್ಡು. ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು, ನೆಟ್‌ವರ್ಕೂ ಹೋಯಿತು. ಹುಡುಗ ಮಾಳಿಗೆ ಹತ್ತಿ ಮೊಬೈಲನ್ನು ಮೇಲೆತ್ತಿ ಹಿಡಿದು ಓಡಾಡಿದ. ಹನ್ನೆರಡು ಹೊಡೆದಾಗ ಕೆಳಗೆ ಬಂದು ಅತ್ತ. ಆಟ ಆಡಲಾಗಲಿಲ್ಲವೆಂದು ಅತ್ತದ್ದಲ್ಲ. "ಇಪ್ಪತ್ತಾರು ದಿನದ್ದು ಹೋತು ಖಾಲಾ" ಎಂದು ಅತ್ತ.

ಆಟದ ಯಾವ ಭಾಗ ನಿನಗಿಷ್ಟ ಎಂದು ಮರುದಿನ ಕೇಳಿದೆ. ಬಹಳ ಹೊತ್ತು ಯೋಚಿಸಿದ. ಗೆಳೆಯರೊಂದಿಗೆ ಮಾತಾಡುತ್ತಾ ಆಡುವುದು ಇಷ್ಟ ಎಂದ. ಈ ದಿನದ ಕೆಲಸಗಳು? "ಅವು ಬ್ಯಾಸರ. ಆದ್ರ ಬಿಟ್ರ ಹೋಗ್ತಾವ." ಆ ಮಾತಿನಲ್ಲೇ ನನಗೆ ಬೇಕಾದ ಉತ್ತರವಿತ್ತು. ಅಣ್ಣನ ಆಟದಲ್ಲಿ ಬಿಟ್ಟ ಗರಿ ಅಲ್ಲೇ ಕಾಯುತ್ತದೆ, ಇಂದಲ್ಲದಿದ್ದರೆ ಮುಂದಿನ ವರ್ಷ. ತಮ್ಮನ ಆಟದಲ್ಲಿ ಬಿಟ್ಟದ್ದು ಹೋಗಿಬಿಡುತ್ತದೆ. ಸಿಗುವ ಆಸೆಗಿಂತ ಕಳೆದುಕೊಳ್ಳುವ ಭಯ ದೊಡ್ಡದಾದಾಗ ಅಲ್ಲಿ ಆಟ ಉಳಿಯುವುದಿಲ್ಲ.

ಮಕ್ಕಳನ್ನಷ್ಟೇ ದೂರಬೇಕಾಗಿಲ್ಲ. 2012ರಿಂದ ಫೋನುಗಳಲ್ಲಿರುವ 'ಕ್ಯಾಂಡಿ ಕ್ರಶ್' ನಮ್ಮಲ್ಲಿ ಎಷ್ಟು ಮಂದಿಯ ಮಧ್ಯಾಹ್ನದ ಗೆಳತಿ! ಐದು ಜೀವ, ಒಂದು ಹೋದರೆ ಮೂವತ್ತು ನಿಮಿಷಕ್ಕೆ ಇನ್ನೊಂದು, ದಿನಕ್ಕೊಮ್ಮೆ ತಿರುಗಿಸುವ ಚಕ್ರ. ಆಡಲು ಮನಸ್ಸಿಲ್ಲದ ದಿನವೂ ಚಕ್ರ ತಿರುಗಿಸಲೆಂದೇ ಫೋನು ತೆರೆಯುವ ಸಹೋದರಿಯರು ನನಗೆ ಗೊತ್ತು. ಮನಸ್ಸಿಲ್ಲದ ದಿನವೂ ಕೈ ಹೋಗುತ್ತದೆಂದರೆ ಅದನ್ನು ಐಚ್ಛಿಕವೆನ್ನುವುದು ಹೇಗೆ?

ಫರ್ಝ್ ಯಾವುದು, ನಫಿಲ್ ಯಾವುದು ಎಂಬ ಭೇದವನ್ನು ನಾವು ಚಿಕ್ಕಂದಿನಲ್ಲೇ ಕಲಿಯುತ್ತೇವೆ. ಆಟವನ್ನು ಇಬಾದತ್‌ಗೆ ಹೋಲಿಸುವ ಉದ್ಧಟತನ ನನಗಿಲ್ಲ. ಆದರೆ ಕಡ್ಡಾಯವಲ್ಲದ್ದನ್ನು ಮನಸಾರೆ ಮಾಡುವುದರಲ್ಲಿ ಎಂಥ ಸವಿಯಿದೆ ಎಂಬುದನ್ನು ಅರಿತ ನಮಗೆ ಈ ವ್ಯತ್ಯಾಸ ಬೇಗ ತಿಳಿಯಬೇಕು.

ರಜೆ ಮುಗಿದು ಅಕ್ಕ ಬಂದಾಗ ಇದನ್ನೆಲ್ಲ ಹೇಳಿದೆ. ಎರಡನ್ನೂ ಒಂದೇ ಕಪಾಟಿಗೆ ಹಾಕಬೇಡ ಎಂದೆ. ಸಣ್ಣವನೊಂದಿಗೆ ಕುಳಿತು ಮಾತಾಡಿದೆವು. ಗೆಳೆಯರೊಂದಿಗೆ ವಾರಕ್ಕೆ ಎರಡು ಸಂಜೆ ಆಡಬಹುದು, ದಿನದ ಕೆಲಸಗಳನ್ನು ಮುಟ್ಟುವುದಿಲ್ಲ, ದುಡ್ಡು ಹಾಕುವುದಿಲ್ಲ ಎಂದು ಒಪ್ಪಂದವಾಯಿತು. ಮೊದಲ ವಾರ ಅವನಿಗೆ ಬಹಳ ಕಷ್ಟವಾಯಿತಂತೆ. ಆ ಋತುವಿನ ಉಡುಪು ಸಿಗದೆ ಮುಗಿಯಿತು. ಮೊನ್ನೆ ಫೋನಿನಲ್ಲಿ ಅಕ್ಕ, "ಈಗೂ ಒಮ್ಮೊಮ್ಮೆ ಮುಂಜಾನೆ ಎದ್ದಕೂಡಲೇ ತಗದು ನೋಡ್ತಾನ, ಆದ್ರ ಜಗಳ ಕಮ್ಮಿ ಆಗೇತಿ" ಎಂದಳು. ಸದ್ಯಕ್ಕೆ ಅಷ್ಟೇ ಆಗಿದೆ.

ಮಕ್ಕಳ ಕೈಯಲ್ಲಿ ಆಟವಿರುವ ತಾಯಂದಿರಿಗೆ ನನ್ನದೊಂದು ಸಲಹೆ. ಎಷ್ಟು ಹೊತ್ತು ಎಂದು ಕೇಳಿದ ಮೇಲೆ, ಪಕ್ಕದಲ್ಲಿ ಕುಳಿತು ಇನ್ನೊಂದು ಪ್ರಶ್ನೆ ಕೇಳಿ: "ಇದನ್ನು ಇವತ್ತು ಬಿಟ್ಟರೆ ಏನಾಗುತ್ತದೆ?" "ಏನೂ ಆಗಲ್ಲ ಅಮ್ಮಿ, ನಾಳೆ ಆಡಿದರಾಯ್ತು" ಎಂದರೆ ಸ್ವಲ್ಪ ಹೊತ್ತು ಆಡಲು ಬಿಡಿ, ಸಾಧ್ಯವಾದರೆ ಏನು ನೋಡಿದೆ ಎಂದು ಕೇಳಿ. ಗಾಬರಿಯಿಂದ ಗಡಿಯಾರ ನೋಡಿದರೆ, ಬೈಯುವ ಮೊದಲು ಆ ಗಡಿಯಾರವನ್ನು ಅವನ ತಲೆಯೊಳಗೆ ಇಟ್ಟವರು ಯಾರೆಂದು ಅವನೊಂದಿಗೇ ಕುಳಿತು ಹುಡುಕಿ.